ಹೊಯಿಗೆ ಉಗುಳುವ ಹೊತ್ತು

ಅಲ್ಲಾಡಬೇಡ ಗೋದತ್ತಿಗೆ.
ಕಿಟಕಿಯ ಕಡೆ ತಿರುಗು, ಗದ್ದ ತುಸು ಮೇಲೆ.
ಮೊಂಡು ಮೂತಿಯ ಪುಟ್ಟ ಕತ್ತರಿ ಇದು,
ನರ್ಸು ಎರಡು ಸಲ ಮಾಡಿ ತೋರಿಸಿ ಕೊಟ್ಟದ್ದು.
ಅಘನಾಶಿನಿಯ ಇಳಿತದಲ್ಲಿ ಸೊಂಟದ ನೀರಿಗೆ ನಿಂತು
ಕಾಲ್ಬೆರಳಲ್ಲೇ ಬೆಳಚು ಹುಡುಕಿದವಳು ನಾನು,
ಹಲ್ಲು ಕಚ್ಚಿಕೊಂಡ ಚಿಪ್ಪನ್ನು
ಒಂದೇ ತಿರುವಿಗೆ ಬಾಯಿ ಬಿಡಿಸಿದವಳು,
ನಿನ್ನ ರೆಪ್ಪೆಯ ಮುಂದೆ ಕೈ ನಡುಗುತ್ತದೆ ನೋಡು.

ಮೊದಲ ತಿಂಗಳು ಮುಖದ ತುಂಬ ಮೊಡವೆ,
ಐವತ್ತೆರಡರ ಹೆಂಗಸಿಗೆ ಹದಿನಾರರ ಕೆನ್ನೆ.
ಎರಡನೇ ತಿಂಗಳು ಕೆಮ್ಮು ಇಳಿಯಿತು,
ದಿವಗಿಯ ದಿಬ್ಬ ಹತ್ತಿ ಬಂದೆ ನೀನು, ಎಲ್ಲೂ ಕೂರದೆ.
ಮೂರರಲ್ಲಿ ರೆಪ್ಪೆಗೂದಲು ಚಿಗುರಿತು,
ಯಾರೂ ಬಿತ್ತದ, ಯಾರೂ ಹರಕೆ ಹೊರದ ಬೆಳೆ,
ಉದ್ದಕ್ಕೆ, ದಪ್ಪಕ್ಕೆ, ತುದಿ ಸುರುಳಿ ಸುತ್ತಿ.

ಕುಮಟೆಯ ಬಸ್ಸಿನಲ್ಲಿ ಪಾರ್ಲರಿನ ಹುಡುಗಿ
ಬಗ್ಗಿ ಬಗ್ಗಿ ನೋಡಿ ಕೇಳಿದಳಲ್ಲ,
"ಅಂಟಿಸಿದ್ದಾ ಅಕ್ಕಾ? ಎಲ್ಲಿ ತಗಂಡ್ರಿ?"
ನೀನು ಟಿಕೆಟ್ಟು ಮಡಚುತ್ತ ಹೇಳಿದ್ದೆ,
"ಮಣಿಪಾಲದಲ್ಲಿ. ತಿಂಗಳಿಗೆ ಮೂವತ್ತು ಗುಳಿಗೆ ನುಂಗಿದ್ರೆ
ಇದು ಪುಕ್ಸಟೆ."
ಅವಳಿಗೆ ಅರ್ಥವಾಗಲಿಲ್ಲ. ನಾವಿಬ್ಬರೂ
ಮಿರ್ಜಾನ ದಾಟುವವರೆಗೂ ನಕ್ಕೆವು.

ಆಮೇಲೆ ಕೂದಲು ಒಳಮುಖ ತಿರುಗಿತು.

ಬೆಳಚನ್ನು ರಾತ್ರಿಯಿಡೀ ಉಪ್ಪುನೀರಲ್ಲಿಟ್ಟರೆ
ತಿಂದ ಹೊಯಿಗೆಯನ್ನೆಲ್ಲ ತಾನೇ ಉಗುಳುತ್ತದೆ,
ಬೆಳಗ್ಗೆ ಬೋಗುಣಿಯ ತಳದಲ್ಲಿ ಒಂದು ಬೂದುಗೆರೆ.
ನಿನ್ನ ಕಣ್ಣು ಉಗುಳಲಿಲ್ಲ.
ಸುಮ್ಮಸುಮ್ಮನೆ ನೀರು ಸುರಿಯುತ್ತಿತ್ತು,
ಒಳಗೆ ಮಾತ್ರ ಒಣಗಿಯೇ ಇತ್ತು,
ಬೇಸಿಗೆಯ ಉಪ್ಪಿನಗದ್ದೆ.
ಬಿಸಿಲಿಗೆ ಹೊರಡಲಾರದೆ, ಒಲೆಯೆದುರು ಕೂರಲಾರದೆ
ಸೆರಗಿನ ಚುಂಗು ಕಣ್ಣಿಗೊತ್ತಿ
"ಹೊಗೆ" ಎಂದೆ, "ಗಾಳಿ" ಎಂದೆ, "ನಿದ್ದೆಯಿಲ್ಲ" ಎಂದೆ.

ಎಲೆಗೆ ಸುಣ್ಣ ಹಚ್ಚಲು ಡಬ್ಬಿ ತೆರೆದ ದಿನ
ಸುಣ್ಣದ ಬದಲು ಐದು ಗುಳಿಗೆ.
ನಾನು ಕೂಗಾಡಿದೆ, ಹೌದು.
ಅಣ್ಣ ಬೋಟಿನ ಪಾಲು ಒತ್ತೆಯಿಟ್ಟದ್ದು,
ರೇಶನ್ ಕಾರ್ಡು, ಸಹಿ, ಸೀಲು, ಎಲ್ಲ ಎತ್ತಾಡಿದೆ.
ನೀನು ಗೋಡೆಗೆ ಹೇಳಿದೆ:
"ಅಷ್ಟು ದೊಡ್ಡ ಕಾಯಿಲೆಯ ಎದುರು
ರೆಪ್ಪೆಗೂದಲಿನ ದೂರು ಹೇಳೂಕೆ
ನಾಚ್ಕೆ ಆತು."

ಮಣಿಪಾಲದಲ್ಲಿ ಎಲ್ಲರೂ ಫಿಲ್ಮನ್ನೇ ನೋಡುತ್ತಿದ್ದರು,
ಬೆಳಕಿಗೆ ಹಿಡಿದ ನಿನ್ನ ಎದೆಯನ್ನು.
ಗಡ್ಡೆ ಅರ್ಧ ಕರಗಿದೆ ಎಂದರು, ಖುಷಿಯ ಸುದ್ದಿ,
ನೀನು ಮೂಲೆಯಲ್ಲಿ ಕಣ್ಣು ಮುಚ್ಚಿ ಖುಷಿಪಡುತ್ತಿದ್ದೆ.
"ಡಾಕ್ಟ್ರೇ, ಇವಳ ರೆಪ್ಪೆ ಒಮ್ಮೆ ನೋಡಿ" ಎಂದೆ.
ಫಿಲ್ಮು ಕೆಳಗಿಟ್ಟು ಎದ್ದು ಬಂದರು ಪುಣ್ಯಾತ್ಮ.
ಕೆಳ ಅಂತಸ್ತಿನಲ್ಲಿ ಕಣ್ಣಿನವರು
ಗುಡ್ಡೆ ಕೆರೆಯುತ್ತಿದ್ದ ನಾಲ್ಕನ್ನು ಕಿತ್ತರು.
ಹಗಲಿಗೆ ಹನಿ, ರಾತ್ರಿಗೆ ಮುಲಾಮು.
"ನೀವಾಗೇ ಗುಳಿಗೆ ಬಿಡಬೇಡಿ ಅಮ್ಮಾ.
ಕಣ್ಣು ಕೆಂಪಾದ್ರೆ, ಮಂಜಾದ್ರೆ, ಅವತ್ತೇ ಫೋನು ಮಾಡಿ."
ಇದನ್ನು ಮೊದಲೇ ಹೇಳಬೇಕಿತ್ತು ಎಂದು
ತಮಗೆ ತಾವೇ ಅಂದುಕೊಂಡರು. ನನಗೆ ಕೇಳಿಸಿತು.

ಹಾಗಾಗಿ ಈಗ ಅಮಾಸೆಗೊಮ್ಮೆ, ಹುಣ್ಣಿಮೆಗೊಮ್ಮೆ,
ನೀರು ಪೂರಾ ಇಳಿದು ಊರೆಲ್ಲ ಬೆಳಚಿಗೆ ಹೋದಾಗ
ನಾವಿಲ್ಲಿ, ಕಿಟಕಿ ಬಳಿ.
ಹಳೇ ಪೇಪರಿನ ಮೇಲೆ
ಕಪ್ಪು ಅರ್ಧಚಂದ್ರಗಳು ಬೀಳುತ್ತವೆ, ಏಳು, ಎಂಟು.
ಊದಬೇಡ, ಎಣಿಸುತ್ತಿದ್ದೇನೆ.
ಒಳಕ್ಕೆ ತಿರುಗಿದ್ದನ್ನು ನಾನು ಮುಟ್ಟುವುದಿಲ್ಲ,
ಅದು ಅವರ ಕೆಲಸ.

ಆಯಿತು. ಹನಿ ಬಿಡುತ್ತೇನೆ, ಮೇಲೆ ನೋಡು.
ನೂರು ಎಣಿಸು.

ಎಪ್ಪತ್ತಕ್ಕೇ ಕಣ್ಣು ತೆರೆಯುತ್ತೀ,
ಒದ್ದೆ ಚಿಪ್ಪಿನ ಹಾಗೆ, ಒಂದು ಕೂದಲೆಳೆಯಷ್ಟು ಮೊದಲು.
ಮಾಡಿನ ಹಂಚು, ಕ್ಯಾಲೆಂಡರು, ನನ್ನ ಮುಖ
ಒಂದೊಂದಾಗಿ ನೋಡಿ,
ಮುಖದ ಮೇಲೆ ನಿಂತು, ಹುಬ್ಬು ಗಂಟಿಕ್ಕಿ ಕೇಳುತ್ತೀ:

"ಮೂಗ್ತಿಯ ಕಲ್ಲು ಬಿದ್ದೋಗಿದ್ಯಲ್ಲೇ,
ಯಾವಾಗ?"